ಬಾರಿಸದೆ ಉಳಿದ ಹದಿನಾಲ್ಕು ಸಾಲು

ಮೆಲ್ಕಿಂಗ್‌ಹ್ಯಾಮಿನ ಎಂಟನೆಯ ಗಂಟೆ ನುಡಿದರೆ ಸಮುದ್ರದಾಚೆ ಹಾಲೆಂಡಿನ ಹಸುಗಳು ಮೇಯುವುದನ್ನು ಬಿಟ್ಟು ತಲೆಯೆತ್ತುತ್ತಿದ್ದವು. ನಂಬದವರು ಹಾಲೆಂಡಿಗೆ ಹೋಗಿ ಹಸುಗಳನ್ನೇ ವಿಚಾರಿಸಿಕೊಳ್ಳಬಹುದು. ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಗಂಟೆಗಳಿವೆ ಎಂದು ಪಕ್ಕದ ಊರಿನವರು ಹೇಳುತ್ತಾರೆ. ಪಕ್ಕದ ಊರಿನವರು ಇರುವುದೇ ಅದಕ್ಕೆ. ಆ ಗಂಟೆಯ ಹಗ್ಗವನ್ನು ಮೂವತ್ತೆಂಟು ವರ್ಷ ಎಳೆದವನು ಕುದುರೆಗಳ ಜೀನು, ಲಗಾಮು ಹೊಲಿಯುವ ಓಬೆಡ್ ಕ್ಯಾಟರ್‌ಮೋಲ್. ಅವನ ಅಂಗೈ ಎಷ್ಟು ಅಗಲವೆಂದರೆ, ಒಮ್ಮೆ ಜಡಿಮಳೆಯಲ್ಲಿ ಪಾದ್ರಿಯ ಬೆಕ್ಕು ಅದರಡಿ ನಡೆದು ಒಂದು ಹನಿ ತಾಗದೆ ಮನೆ ಸೇರಿತ್ತು. ಬಾಯಿ ಮಾತ್ರ ಚಿಕ್ಕದು. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಆರು ಕುದುರೆಗಳಿಗೆ ಸಲ್ಲುತ್ತಿದ್ದವು. ಮದುವೆಯಾಗಲಿಲ್ಲ, ಒಡಹುಟ್ಟಿದವರಿರಲಿಲ್ಲ. ಅವನ ಬಳಗವೆಲ್ಲ ಚರ್ಚಿನ ಗೋಪುರದಲ್ಲಿ, ಹಗ್ಗಗಳ ನಡುವೆ ಇತ್ತು.

ಗೋಪುರದ ಲೆಕ್ಕ ಸರಳ. ಸರಳವಾಗಿರುವುದರಿಂದಲೇ ಅದು ಜನರಿಗೆ ಹುಚ್ಚು ಹಿಡಿಸುತ್ತದೆ. ಎಂಟು ಗಂಟೆ, ಎಂಟು ಹಗ್ಗ, ವೃತ್ತವಾಗಿ ನಿಂತ ಎಂಟು ಜನ. ಎಂಟೂ ಗಂಟೆಗಳು ಒಂದರ ಹಿಂದೊಂದು ನುಡಿದರೆ ಒಂದು ಸಾಲು. ಪ್ರತಿ ಸಾಲಿನಲ್ಲೂ ಕ್ರಮ ಬದಲಾಗಬೇಕು. ಆದರೆ ಎತ್ತಿನ ತೂಕದ ಗಂಟೆ ತಲೆಕೆಳಗಾಗಿ ಸುತ್ತು ಹಾಕುವಾಗ ಅದನ್ನು ತೀರ ಅವಸರಪಡಿಸಲೂ ಆಗದು, ತೀರ ತಡೆದು ನಿಲ್ಲಿಸಲೂ ಆಗದು. ಆದ್ದರಿಂದ ಒಂದು ಸಾಲಿನಿಂದ ಮುಂದಿನ ಸಾಲಿಗೆ ಯಾವ ಗಂಟೆಯೂ ಒಂದೇ ಜಾಗ ಸರಿಯಬಹುದು, ಅದೂ ಪಕ್ಕದ್ದರೊಡನೆ ಅದಲುಬದಲಾಗಿ. ಎಲ್ಲಕ್ಕಿಂತ ದೊಡ್ಡದಾದ ಎಂಟನೆಯದು ಮಾತ್ರ ಯಾವಾಗಲೂ ಕೊನೆಗೇ ನುಡಿಯಬೇಕು. ಉಳಿದ ಏಳು ಎಷ್ಟು ಬಗೆಯಲ್ಲಿ ಸಾಲುಗಟ್ಟಬಹುದು? ಮೊದಲ ಜಾಗಕ್ಕೆ ಏಳರಲ್ಲಿ ಯಾವುದಾದರೊಂದು, ಎರಡನೆಯದಕ್ಕೆ ಉಳಿದ ಆರರಲ್ಲೊಂದು, ಹೀಗೇ ಇಳಿಯುತ್ತ ಗುಣಿಸಿಕೊಂಡು ಹೋದರೆ ಐದು ಸಾವಿರದ ನಲವತ್ತು. ಅಷ್ಟನ್ನೂ, ಒಂದನ್ನೂ ಬಿಡದೆ, ಒಂದನ್ನೂ ಎರಡು ಸಲ ಬಾರಿಸದೆ, ಕಾಗದ ನೋಡದೆ, ಮೂರು ತಾಸು ನಿಲ್ಲದೆ ಎಳೆದರೆ ಅದು ಮಹಾಸುತ್ತು. ಒಂದೇ ಒಂದು ಸಾಲು ಮರುಕಳಿಸಿದರೂ ಸುಳ್ಳು ಸುತ್ತು. ಸುಳ್ಳು ಸುತ್ತಿಗೆ ಗಂಟೆಗಾರರಲ್ಲಿ ಕ್ಷಮೆಯಿಲ್ಲ. ದೇವರು ಕ್ಷಮಿಸಬಹುದು, ಅವನೇನು ಹಗ್ಗ ಹಿಡಿದವನಲ್ಲ.

ಎಲ್ಲಿ ದಾರಿ ಬದಲಿಸಬೇಕೆಂದು ಎಂಟು ಜನರಲ್ಲಿ ಒಬ್ಬ ನಡುನಡುವೆ ಕೂಗಿ ಹೇಳುತ್ತಾನೆ. ಎಲ್ಲೆಲ್ಲಿ ಕೂಗಬೇಕೆಂಬ ಪಟ್ಟಿಯೇ ಸುತ್ತಿನ ಜೀವ. ಬೇರೆ ಊರುಗಳವರು ಯಾರೋ ಕಟ್ಟಿದ ಪಟ್ಟಿಯನ್ನು ಬಾರಿಸಿ ಮೀಸೆ ತಿರುವುತ್ತಿದ್ದರು. ಮೆಲ್ಕಿಂಗ್‌ಹ್ಯಾಮಿನವರು ೧೯೦೮ರ ವಸಂತದ ಒಂದು ಶನಿವಾರ ಓಬೆಡ್ ಸ್ವಂತವಾಗಿ ಕಟ್ಟಿದ್ದನ್ನು ಬಾರಿಸಿದರು. ಮೂರು ತಾಸು ನಾಲ್ಕು ನಿಮಿಷ. ಅಂದು ಗೋಪುರ ಎಷ್ಟು ಓಲಾಡಿತೆಂದರೆ ತುದಿಯ ಮೇಲೆ ಗಾಳಿಯ ದಿಕ್ಕು ತೋರಿಸುವ ತಗಡಿನ ಕೋಳಿ ಮೊಟ್ಟೆಯಿಡುವುದೊಂದು ಬಾಕಿ. ಒಂದನೆಯ ಗಂಟೆ, ಎಲ್ಲಕ್ಕಿಂತ ಚಿಕ್ಕದು, ಹುಲ್ಲುಮಾಡು ಹೊದಿಸುವ ಬಾರ್ನಬಿ ಫುಲ್ಚರನದು. ಎರಡನೆಯದು ಗಿರಣಿಯ ಸೈಲಸ್ ಗಾರೋಡನದು, ಮೂರನೆಯದು ಅವನ ಭಾವಮೈದುನ ಕಮ್ಮಾರ ಎಫ್ರೇಮನದು. ಎಂಟನೆಯದು ಓಬೆಡನದು, ಕೂಗುವ ಕೆಲಸವೂ ಅವನದೇ. ಎಂಟು ಹೆಸರನ್ನೂ ಓಕ್ ಹಲಗೆಯ ಮೇಲೆ ಚಿನ್ನದ ಅಕ್ಷರದಲ್ಲಿ ಬರೆಸಿ ಗೋಪುರದ ಒಳಗೋಡೆಗೆ ಹೊಡೆದರು.

ಅಂದು ಸಂಜೆ ಪಬ್ಬಿನಲ್ಲಿ ಸೈಲಸನೂ ಎಫ್ರೇಮನೂ ಜಗಳಕ್ಕೆ ಹತ್ತಿದರು.

"ನನ್ ಗಂಟೆ ನಿನ್ ಗಂಟೆಗಿಂತ ಮುಂದೆ ಕಣೋ," ಎಂದ ಸೈಲಸ್.

"ನೀನು ಮುಂದೆ ಇರೋದು ಒಂದೇ ಕಡೆ. ನಮ್ಮಕ್ಕ ಬಡಿಸಕ್ಕೆ ನಿಂತಾಗ."

"ಸುಮ್ನಿರ್ರಯ್ಯಾ," ಎಂದ ಓಬೆಡ್. ಅವನು ಬಾಯಿ ತೆರೆದದ್ದಕ್ಕೇ ಎಲ್ಲರೂ ಲೋಟ ಕೆಳಗಿಟ್ಟರು. "ಸೈಲಸ್ ಮುಂದೆ, ಎಫ್ರೇಮ್ ಹಿಂದೆ ಬರೋ ಸಾಲು ಎರಡು ಸಾವಿರದ ಐನೂರ ಇಪ್ಪತ್ತು. ಎಫ್ರೇಮ್ ಮುಂದೆ ಬರೋದೂ ಅಷ್ಟೇ. ಆ ಕಡೆ ಒಂದು ಸಾಲಿದ್ರೆ, ಇವರಿಬ್ಬರನ್ನಷ್ಟೇ ಅದಲುಬದಲು ಮಾಡಿದ ಸಾಲು ಈ ಕಡೆ ಇದ್ದೇ ಇರ್ಬೇಕಲ್ಲ. ಅರ್ಧ, ಅರ್ಧ."

"ಮತ್ತೆ ನಾನು?" ಎಂದ ಫುಲ್ಚರ್. "ನಾನು ಇವರಿಬ್ಬರಿಗಿಂತ ಮುಂದೆ, ಸೈಲಸ್ ಎಫ್ರೇಮಿಗಿಂತ ಮುಂದೆ. ಹಂಗೇ ಆ ಕ್ರಮದಲ್ಲಿ ಎಷ್ಟು?"

"ಮೂರು ಜನ ಆರು ಥರ ನಿಲ್ಬಹುದು. ನೀನು ಕೇಳಿದ್ದು ಅದರಲ್ಲಿ ಒಂದು. ಆರನೇ ಒಂದು ಪಾಲು, ಎಂಟುನೂರ ನಲವತ್ತು."

"ಈ ಮನುಷ್ಯನ ಹತ್ರ ಯಾರೂ ಜಗಳಾನೇ ಆಡಂಗಿಲ್ವಲ್ಲೋ!" ಎಂದು ಫುಲ್ಚರ್ ಮೇಜು ಗುದ್ದಿದ. ಆ ಗುದ್ದಿಗೆ ಬೀದಿಯಾಚೆ ಮಲಗಿದ್ದ ನಾಯಿ ಎದ್ದು ಬೊಗಳಿತು.

ಇನ್ನೊಂದು ಲೆಕ್ಕವಿತ್ತು, ಅದನ್ನು ಓಬೆಡ್ ಯಾರಿಗೂ ಹೇಳಲಿಲ್ಲ. ಅವನ ಗಂಟೆಗೆ ಕೊನೆಯ ಜಾಗ ಬಿಟ್ಟು ಬೇರೆ ಜಾಗವಿಲ್ಲ. ಬೇರೆಯವರು ಬರುತ್ತಾರೆ, ಪಕ್ಕದಲ್ಲಿ ನುಡಿಯುತ್ತಾರೆ, ಹೋಗುತ್ತಾರೆ. ಏಳನೆಯ ಜಾಗದಲ್ಲಿ ಒಬ್ಬನನ್ನು ನಿಲ್ಲಿಸಿದರೆ ಉಳಿದ ಆರು ಜನ ಏಳುನೂರ ಇಪ್ಪತ್ತು ಬಗೆಯಲ್ಲಿ ನಿಲ್ಲಬಹುದು. ಅಂದರೆ ಆ ಮೂರು ತಾಸಿನಲ್ಲಿ ಏಳು ಜನರಲ್ಲಿ ಪ್ರತಿಯೊಬ್ಬನೂ ಸರಿಯಾಗಿ ಏಳುನೂರ ಇಪ್ಪತ್ತು ಸಲ ಅವನ ಪಕ್ಕಕ್ಕೆ ಬಂದಿದ್ದ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಯಾರ ಮದುವೆಯಲ್ಲೂ ಅಷ್ಟು ನ್ಯಾಯವಾದ ಜೊತೆ ಯಾರಿಗೂ ಸಿಕ್ಕಿರಲಾರದು ಎಂದು ಅವನಿಗೆ ಅನ್ನಿಸುತ್ತಿತ್ತು.

ಆಮೇಲೆ ಮಹಾಯುದ್ಧ ಬಂತು. ಹಲಗೆಯ ಮೇಲಿನ ಇಬ್ಬರು ಫ್ರಾನ್ಸಿನ ಕೆಸರಿನಲ್ಲಿ ಉಳಿದರು. ಒಬ್ಬನನ್ನು ಜ್ವರ ಕೊಂಡೊಯ್ದಿತು, ಒಬ್ಬ ಬಣವೆಯ ಮೇಲಿಂದ ಬಿದ್ದ. ಸೈಲಸ್ ಹೋದ ಮರುವರ್ಷ, ಜಗಳಕ್ಕೆ ಜನವಿಲ್ಲದೆ, ಎಫ್ರೇಮನೂ ಹೋದ. ಉಳಿದವರು ಇಬ್ಬರು. ಫುಲ್ಚರ್ ಕಾಲು ಸೋತು ಊರ ಕೊನೆಯ ವೃದ್ಧರ ಧರ್ಮಶಾಲೆಯಲ್ಲಿ ಮಲಗಿಬಿಟ್ಟ. ಅಲ್ಲಿ ಅವನು ಮಹಾಸುತ್ತಿನ ಕಥೆಯನ್ನು ದಿನಕ್ಕೆ ಹದಿನೇಳು ಸಲ ಹೇಳುತ್ತಿದ್ದ. ಅಲ್ಲಿನ ಗೋಡೆಗಳೂ ಅದನ್ನು ಬಾಯಿಪಾಠ ಮಾಡಿಕೊಂಡಿದ್ದವು. ಓಬೆಡನ ಭುಜ ಕೈಕೊಟ್ಟಿತು. ಆದರೂ ಪ್ರತಿ ಮಂಗಳವಾರ ಸಂಜೆ ಹೊಸ ಗಂಟೆಗಾರರು ಅಭ್ಯಾಸ ಮಾಡುವಾಗ ಅವನು ಮೆಟ್ಟಿಲು ಹತ್ತಿ ಬಂದು ಹಲಗೆಯ ಕೆಳಗಿನ ಬೆಂಚಿನಲ್ಲಿ ಕೂರುತ್ತಿದ್ದ. ಊರಿನಲ್ಲಿ ಅವನ ಹೆಸರು ಇನ್ನೊಬ್ಬರ ಹೆಸರಿನ ಪಕ್ಕದಲ್ಲಿ ಬರೆದಿದ್ದುದು ಆ ಒಂದೇ ಕಡೆ.

ಸುತ್ತಿಗೆ ಇಪ್ಪತ್ತೈದು ವರ್ಷ ತುಂಬುವ ವಸಂತ ಬಂತು. ಶಾಲೆಯ ಟೀಚರು ಮಿಸ್ ವಿನಿಫ್ರೆಡ್ ತರ್ಕೆಟಲ್, ಈಗಿನ ಗಂಟೆಗಾರರ ಮುಂದಾಳು, ಅವನ ಬೆಂಚಿನ ಬಳಿ ಬಂದು ನಿಂತಳು. ಅವಳ ದನಿಗೆ ಇಡೀ ಶಾಲೆ ಸಾಲಾಗಿ ನಿಲ್ಲುತ್ತಿತ್ತು. ಶಾಲೆಯ ಪಕ್ಕದ ಹೊಲದ ಬಾತುಗಳೂ ನಿಲ್ಲುತ್ತಿದ್ದವು.

"ಕ್ಯಾಟರ್‌ಮೋಲ್ ಅವ್ರೇ, ನಿಮ್ಮ ಪಟ್ಟಿ ನಮಗೆ ಬೇಕು. ಅದನ್ನೇ ಬಾರಿಸ್ತೀವಿ. ಗಂಟೆಗಾರರ ವಾರಪತ್ರಿಕೆಗೂ ಕಳಿಸ್ತೀನಿ."

"ಅದೆಲ್ಲ ಹಳೇದು ಮಿಸ್."

"ಹಳೇದು ಅಂತಾನೇ ಕೇಳ್ತಿರೋದು. ಹುಡುಕಿ ಕೊಡಿ. ಮರೆತೋಯ್ತು, ಇಲಿ ತಿಂತು ಅಂತ ಹೇಳೋಹಾಗಿಲ್ಲ. ಅದನ್ನೆಲ್ಲ ನಾನು ದಿನಾ ಕೇಳ್ತೀನಿ."

ಓಬೆಡ್ ಮರುದಿನ ಬೆಳಿಗ್ಗೆ ಮನೆಯ ಅಟ್ಟದಿಂದ ತಗಡಿನ ಡಬ್ಬಿ ಇಳಿಸಿದ. ಸುತ್ತು ಸತ್ಯವೋ ಸುಳ್ಳೋ ಎಂದು ಪರೀಕ್ಷಿಸಲು ಐದು ಸಾವಿರ ಸಾಲನ್ನೂ ಬರೆಯಬೇಕಿಲ್ಲ. ಸಾಲುಗಳು ಹದಿನಾಲ್ಕು ಹದಿನಾಲ್ಕರ ಗೊಂಚಲಾಗಿ ಬರುತ್ತವೆ. ಪ್ರತಿ ಗೊಂಚಲಿನ ಮೊದಲ ಸಾಲನ್ನು ಒಂದು ಚೀಟಿಯಲ್ಲಿ ಬರೆದರೆ ಸಾಕು. ಮುನ್ನೂರ ಅರವತ್ತು ಚೀಟಿ. ಒಂದರಂತೆ ಇನ್ನೊಂದು ಇರದಿದ್ದರೆ ಸುತ್ತು ಸತ್ಯ. ೧೯೦೮ರಲ್ಲಿ ಅವನು ಸಕ್ಕರೆ ಪೊಟ್ಟಣದ ನೀಲಿ ಕಾಗದವನ್ನು ಕತ್ತರಿಸಿ, ಜೀನು ಹೊಲಿಯುವ ಬೆಂಚಿನ ಮೇಲೆಯೇ ಬರೆದು, ವಿಂಗಡಿಸಿ, ನೋಡಿದ್ದ.

ಡಬ್ಬಿಯ ಮುಚ್ಚಳ ತುಕ್ಕು ಹಿಡಿದಿತ್ತು. ಸಡಿಲವಾಗಲೆಂದು ಒಲೆಯ ಪಕ್ಕದಲ್ಲಿಟ್ಟು ಅವನು ರೊಟ್ಟಿ, ಚೀಸು, ಉಪ್ಪಿಗೆ ಹಾಕಿದ ಈರುಳ್ಳಿ ತಿಂದ. ತೆರೆದಾಗ ಚೀಟಿಗಳಿಂದ ಜೇನುಮೇಣದ ವಾಸನೆ ಬಂತು. ಹೊಲಿಯುವ ದಾರಕ್ಕೆ ಸವರುವ ಮೇಣ, ಅವನ ಬೆರಳುಗಳಿಂದ ಎಂದೂ ಹೋಗದ್ದು. ಅವನು ಚೀಟಿಗಳನ್ನು ಒಂದೊಂದಾಗಿ ಹಾಸಿದ. ನೂರ ಎಂಬತ್ತಾರನೆಯದನ್ನು ಎತ್ತಿದಾಗ ಅದರ ಬೆನ್ನಿಗೆ ಮೇಣದಿಂದ ಅಂಟಿದ್ದ ಇನ್ನೊಂದು ಚೀಟಿ ಒಲೆಯ ಬಿಸಿಗೆ ಬಿಟ್ಟುಕೊಂಡು ಮೇಜಿನ ಮೇಲೆ ಬಿತ್ತು.

ಎರಡರಲ್ಲೂ ಒಂದೇ ಸಾಲು. ಒಂದು, ನಾಲ್ಕು, ಏಳು, ಎರಡು, ಆರು, ಮೂರು, ಐದು.

ಹಿಂದಿನದೆಲ್ಲ ಒಟ್ಟಿಗೆ ನೆನಪಾಯಿತು. ಅಂದು ವಿಂಗಡಿಸಿ ಎಣಿಸಿದಾಗ ಮುನ್ನೂರ ಐವತ್ತೊಂಬತ್ತೇ ಬಂದಿತ್ತು. ಮತ್ತೆ ಎಣಿಸಿದ, ಮುನ್ನೂರ ಐವತ್ತೊಂಬತ್ತು. ಎಲ್ಲೋ ಬಿದ್ದಿದೆಯೆಂದು ರಾತ್ರಿ ದೀಪದ ಬೆಳಕಿನಲ್ಲಿ ಬೆಂಚಿನಡಿ ಮಂಡಿಯೂರಿ ತಡಕಿದಾಗ ಚರ್ಮದ ತುಣುಕುಗಳ ನಡುವೆ ಒಂದು ಚೀಟಿ ಸಿಕ್ಕಿತ್ತು. ಅದು ಬೇರೆ ಯಾವುದರಂತೆಯೂ ಇರಲಿಲ್ಲ. ಮುನ್ನೂರ ಅರವತ್ತು! ಶನಿವಾರಕ್ಕೆ ಮೂರೇ ದಿನ ಉಳಿದಿತ್ತು, ಏಳು ಜನ ಕಾಯುತ್ತಿದ್ದರು. ಅವನು ಡಬ್ಬಿ ಮುಚ್ಚಿ ಶಿಳ್ಳೆ ಹಾಕಿದ್ದ.

ಈಗ ಹಗಲ ಬೆಳಕಿನಲ್ಲಿ ಆ ಒಂದು ಚೀಟಿ ಎದ್ದು ಕಾಣುತ್ತಿತ್ತು. ಉಳಿದವೆಲ್ಲ ನೀಲಿ, ಅದು ಕಂದು. ಅದರ ಹಿಂದಿನ ಚಳಿಗಾಲದಲ್ಲಿ ಅರ್ಧಕ್ಕೆ ಬಿಟ್ಟ ಪಟ್ಟಿಯದು. ಹದಿನಾಲ್ಕು ಸಾಲನ್ನು ಅವರು ಎರಡು ಸಲ ಬಾರಿಸಿದ್ದರು. ಕಂದು ಚೀಟಿಯ ಹದಿನಾಲ್ಕನ್ನು ಬಾರಿಸಿಯೇ ಇರಲಿಲ್ಲ.

ಹದಿನೈದು ದಿನ ಅವನು ಮಿಸ್ ತರ್ಕೆಟಲ್‌ಳಿಂದ ತಪ್ಪಿಸಿಕೊಂಡ. ಅವಳ ಸೈಕಲ್ಲಿನ ಗಂಟೆ ಎರಡು ಮೈಲಿ ದೂರದಲ್ಲಿ ಕೇಳಿದರೂ ಹಿತ್ತಲ ಬಾಗಿಲಿಂದ ಹೊರಬಿದ್ದು ಬಟಾಣಿ ಬಳ್ಳಿಗಳ ನಡುವೆ ನಿಲ್ಲುತ್ತಿದ್ದ. ಅವನಂಥ ಆಳು ಬಟಾಣಿ ಬಳ್ಳಿಯ ಹಿಂದೆ ಅಡಗುವುದೆಂದರೆ ಚರ್ಚು ಛತ್ರಿಯ ಹಿಂದೆ ಅಡಗಿದಂತೆ. ಆ ಹದಿನೈದು ದಿನವೂ ಅವನು ಪಟ್ಟಿಯೊಡನೆ ಗುದ್ದಾಡಿದ. ನಲವತ್ತಾರರ ವಯಸ್ಸಿನಲ್ಲಿ ಒಂದು ಚಳಿಗಾಲ ಹಿಡಿದದ್ದನ್ನು ಎಪ್ಪತ್ತೊಂದರಲ್ಲಿ ಹನ್ನೊಂದು ದಿನಕ್ಕೆ ಸರಿಪಡಿಸಿದ. ಮೂರು ಕೂಗುಗಳನ್ನು ಆಚೀಚೆ ಮಾಡಿದಾಗ ಕಂದು ಚೀಟಿ ಒಳಗೆ ಬಂತು, ಒಂದೇ ಸಾಲಿದ್ದ ಎರಡು ನೀಲಿ ಚೀಟಿಗಳಲ್ಲಿ ಒಂದು ಹೊರಗೆ ಹೋಯಿತು. ಈ ಸಲ ಚೀಟಿಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ಎಣಿಸಿದ. ಸತ್ಯ. ಇದನ್ನು ಅವಳ ಕೈಗಿಟ್ಟು, ಅಂದು ಬಾರಿಸಿದ್ದು ಇದೇ ಎಂದುಬಿಟ್ಟರೆ ಮುಗಿಯಿತು. ಇಡೀ ಇಂಗ್ಲೆಂಡಿನಲ್ಲಿ ತಕರಾರು ತೆಗೆಯಬಲ್ಲ ಒಬ್ಬನೇ ಒಬ್ಬನಿದ್ದ, ಅವನು ಜೀನು ಹೊಲಿಯುತ್ತಿದ್ದ.

ಮಂಗಳವಾರ ಅವನು ಗೋಪುರ ಹತ್ತಿ ಸರಿಪಡಿಸಿದ ಪಟ್ಟಿ ಕೊಟ್ಟ. ಬೇರೆಯವರು ಇನ್ನೂ ಬಂದಿರಲಿಲ್ಲ. ಮಿಸ್ ತರ್ಕೆಟಲ್ ಕಿಟಕಿಗೆ ಹಿಡಿದು ಓದಿದಳು, ತುಟಿ ಅಲುಗಾಡುತ್ತಿತ್ತು.

"ಎಷ್ಟು ಚೆನ್ನಾಗಿದೆ," ಎಂದಳು. "'೧೯೦೮ರಲ್ಲಿ ಇದೇ ಗೋಪುರದಲ್ಲಿ ಬಾರಿಸಿದಂತೆ' ಅಂತ ಮೇಲೆ ಹಾಕ್ತೀನಿ. ಸರೀನಾ?"

ಓಬೆಡ್ ಹಲಗೆಯ ಕಡೆ ನೋಡಿದ. ಎಂಟು ಹೆಸರು ಕೆಳಗಿಳಿಯುತ್ತ ಬಂದು ಕೊನೆಗೆ ಅವನದಿತ್ತು.

"ಹಂಗೆ ಹಾಕ್ಬೇಡಿ ಮಿಸ್."

"ಮತ್ತೆ ಹೇಗೆ ಹಾಕಲಿ?"

"ಅಂದು ಬಾರಿಸಿದ್ದು ಸುಳ್ಳು."

ಅವಳು ಕೂತುಬಿಟ್ಟಳು. ಅವನು ಮೇಣ, ಚೀಟಿ, ನೀಲಿ, ಕಂದು ಎಲ್ಲವನ್ನೂ ಹೇಳಿದ. ಆ ವರ್ಷದ ಮಾತೆಲ್ಲ ಅಲ್ಲಿಗೆ ಖರ್ಚಾಯಿತು.

"ನೀವು ಹೇಳ್ದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ," ಎಂದಳು.

"ಇಲ್ಲ."

"ಹೇಳಿಬಿಟ್ರಲ್ಲ. ಈಗ ನನಗೂ ಗೊತ್ತು." ಅವಳ ದನಿ ಮೊದಲ ಸಲ ಸಣ್ಣದಾಯಿತು. "ಪದ್ಧತಿ ನಿಮಗೆ ಗೊತ್ತಿರೋದೇ. ಕಟ್ಟಿದವರೇ ಪತ್ರಿಕೆಗೆ ಬರೆದು ವಾಪಸ್ ತಗೋಬೇಕು. ಹಲಗೆ ಇಳಿಸ್ಬೇಕು."

"ಬರೆದಿಟ್ಟಿದೀನಿ." ಅವನು ಕೋಟಿನ ಒಳಜೇಬಿನಿಂದ ಲಕೋಟೆ ತೆಗೆದು ತೋರಿಸಿದ. ಒಂದು ಜೇಬಿನಲ್ಲಿ ಪಟ್ಟಿ, ಇನ್ನೊಂದರಲ್ಲಿ ಈ ಪತ್ರ ಇಟ್ಟುಕೊಂಡು ಬಂದಿದ್ದ. ಪತ್ರ ಹೊರಗೆ ಬರುತ್ತದೋ ಇಲ್ಲವೋ ಎಂದು ಅವನಿಗೇ ತಿಳಿದಿರಲಿಲ್ಲ.

"ಫುಲ್ಚರ್ ಅವರಿಗೆ ಹೇಳಿದೀರಾ?"

ಓಬೆಡ್ ಲಕೋಟೆಯನ್ನು ಮತ್ತೆ ಜೇಬಿಗೆ ಸೇರಿಸಿದ.

"ಶುಕ್ರವಾರ ಪತ್ರಿಕೆ ಬಂದ್ರೆ ಅವರಿಗೆ ಓದಿ ಹೇಳೋದು ನಾನೇ. ನನ್ ಬಾಯಿಂದ ಅವರಿಗೆ ಕೇಳಿಸ್ಬೇಡಿ."

ಮರುದಿನ ಮಧ್ಯಾಹ್ನ ಓಬೆಡ್ ಧರ್ಮಶಾಲೆಗೆ ಹೋದ. ಫುಲ್ಚರ್ ಕಿಟಕಿಯ ಬಳಿ ದಿಂಬಿಗೆ ಒರಗಿದ್ದ. ಮನುಷ್ಯ ಎಷ್ಟು ಬಡಕಲಾಗಿದ್ದನೆಂದರೆ ಹೊದಿಕೆಯಡಿ ಒಂದು ಊರುಗೋಲು ಇಟ್ಟಂತಿತ್ತು. ಮೀಸೆ ಮಾತ್ರ ಒಂದು ಗುಡಿಸಲಿಗೆ ಹೊದಿಸುವಷ್ಟಿತ್ತು.

"ಬಾರಯ್ಯಾ ಎಂಟನೆಯವನೇ! ಇಪ್ಪತ್ತೈದು ವರ್ಷದ ಹಬ್ಬಕ್ಕೆ ನನ್ನನ್ನು ಕುರ್ಚಿ ಸಮೇತ ಹೊತ್ಕೊಂಡು ಹೋಗ್ತಾರಂತೆ. ಪಾದ್ರಿ ಹೇಳ್ದ. ಹೊಸ ಶರಟು ಹೊಲಿಸ್ತಿದೀನಿ, ನೋಡ್ತಿರು."

"ಬಾರ್ನಬಿ."

"ಏನು ಮುಖ ಅದು? ಯಾವ ಕುದುರೆ ಸತ್ತೋಯ್ತು?"

ಓಬೆಡ್ ನಿಂತೇ ಹೇಳಿದ. ಹೇಳಿ ಮುಗಿಯುವವರೆಗೆ ಫುಲ್ಚರ್ ಕಿಟಕಿಯ ಹೊರಗೆ ನೋಡುತ್ತಿದ್ದ.

"ಸುಳ್ಳು," ಎಂದ ಕೊನೆಗೆ.

"ಹೌದು, ಸುಳ್ಳು."

"ನಾನು ಹೇಳ್ತಿರೋದು ನೀನು ಹೇಳಿದ್ದು ಸುಳ್ಳು ಅಂತ! ಮೂರು ತಾಸು ನಾಲ್ಕು ನಿಮಿಷ. ನನ್ ಅಂಗೈ ಕಿತ್ತು ಹಗ್ಗದ ಮೇಲೆ ರಕ್ತ ಇಳೀತು. ಸೈಲಸ್ ಕೆಳಗೆ ಬಂದು ಅತ್ತ ಗೊತ್ತಾ? ಅವನು ಅವರಪ್ಪನ ಮಣ್ಣಿಗೂ ಅತ್ತವನಲ್ಲ. ಇವತ್ತು ನೀನು ಎರಡು ಕಾಗದದ ಚೂರು ಹಿಡ್ಕೊಂಡು ಬಂದು..." ಅವನಿಗೆ ಕೆಮ್ಮು ಬಂತು. "ಆ ಪತ್ರ ಒಲೆಗೆ ಹಾಕು."

"ಆಗಲ್ಲ."

"ಸತ್ತ ಆರು ಜನರ ಹೆಸರಿದೆ ಆ ಹಲಗೆ ಮೇಲೆ. ಅವರನ್ನ ಕೇಳಿದ್ಯಾ?"

"ಅವರು ಸರಿಯಾಗೇ ಎಳೆದ್ರು. ನಾನು ತಪ್ಪು ಕೂಗಿದೆ. ಆ ಹೆಸರುಗಳ ಜೊತೆ ಕೂರಕ್ಕೆ..." ಓಬೆಡ್ ಟೋಪಿ ತೆಗೆದು ಮಂಚದ ಮೇಲಿಟ್ಟ. "ಆಗ್ತಿಲ್ಲ ಬಾರ್ನಬಿ. ಹದಿನೈದು ದಿನದಿಂದ ಆ ಬೆಂಚಿನ ಮೇಲೆ ಕೂರಕ್ಕೆ ಆಗಿಲ್ಲ."

"ಹಲಗೆ ಹೋದ್ರೆ ನಿನಗೇನು ಉಳಿಯತ್ತೆ? ನನಗಾದ್ರೂ ಮಗಳಿದಾಳೆ, ಕ್ರಿಸ್ಮಸ್‌ಗಾದ್ರೂ ಬರ್ತಾಳೆ."

ಫುಲ್ಚರ್ ಮುಖ ತಿರುಗಿಸಿ ಮಲಗಿದ. ಹಜಾರದಲ್ಲಿ ಯಾರೋ ತಟ್ಟೆಗಳನ್ನು ಒಟ್ಟುತ್ತಿದ್ದರು. ಓಬೆಡ್ ಟೋಪಿ ಎತ್ತಿಕೊಂಡ.

"ಯಾವ ಹದಿನಾಲ್ಕು?" ಎಂದ ಫುಲ್ಚರ್, ಗೋಡೆಗೆ ಮುಖ ಮಾಡಿಕೊಂಡೇ.

"ಏನು?"

"ಬಿಟ್ಟುಹೋಗಿದ್ದು. ಯಾವುದು ಅಂತ ಕೇಳ್ದೆ. ಕಿವುಡಾದ್ಯಾ?"

ಓಬೆಡ್ ಕಂದು ಚೀಟಿಯನ್ನು ಹೊದಿಕೆಯ ಮೇಲಿಟ್ಟ. ಒಂದು, ಐದು, ಎರಡು, ಏಳು, ಮೂರು, ಆರು, ನಾಲ್ಕು. ಫುಲ್ಚರ್ ಅದನ್ನು ಕಣ್ಣಿನ ತೀರ ಹತ್ತಿರ ಹಿಡಿದು ನೋಡಿದ.

"ನಾನು ಮೊದಲಿಂದ ಶುರು ಮಾಡ್ತೀನಿ."

"ನೀನು ಯಾವಾಗಲೂ ಹಂಗೇ. ಮೊದಲ ಜಾಗದಿಂದ ಏಳಕ್ಕೆ ಹೋಗ್ತೀಯ, ಅಲ್ಲಿ ಎರಡು ಸಲ ನಿಲ್ತೀಯ, ವಾಪಸ್ ಬರ್ತೀಯ. ಹದಿನಾಲ್ಕು."

"ನನಗೆ ಹೇಳ್ಕೊಡ್ತೀಯಾ? ಕೂತ್ಕೊ."

ಓಬೆಡ್ ಮಂಚದ ಬದಿಯ ಕುರ್ಚಿಯಲ್ಲಿ ಕೂತ. ಫುಲ್ಚರ್ ಬೆರಳಗಂಟಿನಿಂದ ಮಂಚದ ಕಬ್ಬಿಣದ ಸರಳನ್ನು ಒಮ್ಮೆ ಬಡಿದ. ಎರಡನೆಯ ಜಾಗ, ಮೂರನೆಯದು, ನಾಲ್ಕು, ಐದು, ಆರು, ಏಳು. ಆರು ಜನರ ಹೊತ್ತನ್ನು ಇಬ್ಬರೂ ಸುಮ್ಮನೆ ಎಣಿಸಿದರು. ಎಂಟಕ್ಕೆ ಓಬೆಡ್ ಹಿಮ್ಮಡಿಯಿಂದ ನೆಲ ಒದ್ದ.

ಮುಂದಿನ ಸಾಲಿನಲ್ಲಿ ಫುಲ್ಚರನ ಬಡಿತ ಒಂದು ಜಾಗ ಹಿಂದೆ ಬಂತು. ಅದರ ಮುಂದಿನದರಲ್ಲಿ ಇನ್ನೊಂದು. ಮುದುಕನ ಲಯ ಕೂದಲೆಳೆಯಷ್ಟೂ ತಪ್ಪಲಿಲ್ಲ. ಲಂಡನ್ನಿನ ಗಡಿಯಾರಗಳನ್ನು ಅದಕ್ಕೆ ಸರಿಹೊಂದಿಸಿಕೊಳ್ಳಬಹುದಿತ್ತು. ಸೈಲಸನ ಜಾಗ, ಎಫ್ರೇಮನ ಜಾಗ, ಫ್ರಾನ್ಸಿನಲ್ಲಿ ಉಳಿದವರ ಜಾಗ ಖಾಲಿ ಖಾಲಿಯಾಗಿ ದಾಟಿಹೋದವು. ಯಾವ ಖಾಲಿ ಯಾರದೆಂದು ಓಬೆಡನಿಗೆ ಸಾಲುಸಾಲಿಗೂ ತಿಳಿಯುತ್ತಿತ್ತು. ಸರಳಿನ ಸದ್ದು ಹತ್ತಿರ, ಇನ್ನೂ ಹತ್ತಿರ ಬಂತು. ಏಳನೆಯ ಸಾಲಿನಲ್ಲಿ ಆರು ಮೌನಗಳ ನಂತರ ಸರಳು ನುಡಿಯಿತು, ಕೂಡಲೇ ಹಿಮ್ಮಡಿ. ಎಂಟನೆಯ ಸಾಲಿನಲ್ಲೂ ಹಾಗೆಯೇ: ಸರಳು, ಹಿಮ್ಮಡಿ. ಒಂಬತ್ತರಲ್ಲಿ ಇಬ್ಬರ ನಡುವೆ ಒಂದು ಮೌನ ಬಂದು ನಿಂತಿತು. ಹತ್ತರಲ್ಲಿ ಎರಡು. ಸದ್ದು ದೂರ ಸರಿಯುತ್ತ ಹೋಯಿತು. ಹದಿನಾಲ್ಕನೆಯದರಲ್ಲಿ ಫುಲ್ಚರ್ ಮೊದಲಿಗೇ ಬಡಿದು ಕೈ ಇಳಿಸಿದ. ಓಬೆಡ್ ಆರು ಜನರನ್ನೂ ಕಾದು ಕೊನೆಗೆ ಒಬ್ಬನೇ ಒದ್ದ.

"ಇದರಿಂದ ಸುತ್ತು ಸತ್ಯ ಆಗಲ್ಲ," ಎಂದ ಫುಲ್ಚರ್.

"ಆಗಲ್ಲ."

"ಟಪಾಲು ಎಷ್ಟು ಹೊತ್ತಿಗೆ ಹೋಗತ್ತೆ?"

"ಐದೂವರೆಗೆ."

"ಹಂಗಾದ್ರೆ ಹೊರಡು, ಇನ್ನೇನು ನೋಡ್ತೀಯ. ನಿನ್ ನಡಿಗೆಗೆ ಅಂಚೆಪೆಟ್ಟಿಗೇನೇ ಎದುರು ಬರ್ಬೇಕು." ಅವನು ಕಂದು ಚೀಟಿಯನ್ನು ಹೊದಿಕೆಯ ಮೇಲಿಂದ ನೂಕಿದ. "ಶರಟಿಗೆ ಬಟ್ಟೆ ಕತ್ತರಿಸಿಬಿಟ್ಟಿದಾರೆ. ಇನ್ನೇನು ಮಾಡೋದು, ಹಾಕ್ಕೋತೀನಿ."

ಓಬೆಡ್ ಚರ್ಚಿನ ಬೀದಿಯಲ್ಲಿ ನಡೆದ. ಆ ಹೊತ್ತಿನಲ್ಲಿ ಬೀದಿಯಲ್ಲಿ ಯಾರೂ ಇರಲಿಲ್ಲ. ಗೋಡೆಯಲ್ಲಿ ಹುದುಗಿಸಿದ ಕೆಂಪು ಪೆಟ್ಟಿಗೆಯ ಮುಂದೆ ನಿಂತು ಲಕೋಟೆಯ ವಿಳಾಸವನ್ನು ಇನ್ನೊಮ್ಮೆ ಓದಿದ. ಒಳಗೆ ಹಾಕಿದ. ಅದು ಬಿದ್ದ ಸದ್ದು ಕೇಳಿಸಿದ ಮೇಲೂ ಅವನ ಆ ಅಗಲವಾದ ಕೈ ಪೆಟ್ಟಿಗೆಯ ಬಾಯಲ್ಲೇ ಇತ್ತು.